ಹದಿನಾಲ್ಕರ ಥ್ರೆಡ್ಡು

ಗುಜರಿಯೊಳಗ ಆರನೂರಕ್ಕ ಸಿಕ್ಕ ಗ್ರೈಂಡರು.
ಮೈ ಗಟ್ಟಿ. ಮೂತಿ ಮಾತ್ರ ಪರದೇಶದ್ದು,
ಹದಿನಾಲ್ಕರ ಥ್ರೆಡ್ಡು.

ಕಲಘಟಗಿ ಬಸ್ಸಿಳಿದು, ಟಾವೆಲ್ಲಿನಾಗ ಸುತ್ತಿಕೊಂಡು,
ದುರ್ಗದಬೈಲಿಂದ ಗಣೇಶಪೇಟಿ ತನಕ
ಅಂಗಡಿ ಅಂಗಡಿ ಮುಂದ ಬಿಚ್ಚಿ ತೋರಿಸಿದೆ:
ಉಜ್ಜೋ ಪ್ಯಾಡು ಬೇಕ್ರಿ, ಉಸುಕಿನ ಹಾಳಿ ಅಂಟೂವಂಥಾದ್ದು,
ಈ ಮೂತಿಗೆ ಕೂಡ್ರಬೇಕು.

ಹತ್ತರದ್ದು ಐತಿ, ಅಂದ್ರು.
ಹತ್ತರದ್ದ ಒಯ್ರಿ, ಎಲ್ಲಾರೂ ಅದನ್ನ ಒಯ್ತಾರ, ಅಂದ್ರು.
ಒಬ್ಬಾಂವ, ಬಳಿಗಾರ ಸಣ್ಣ ಬಳಿ ಏರಿಸಿದಂಗ,
ಒತ್ತಿ, ತಿರುವಿ, ಉಫ್ ಅಂತ ಊದಿ,
ಮಷಿನ್ನಿಗೇ ಬೈದು ತಿರುಗಿ ಕೊಟ್ಟ.

ಲೇಥಿನ ದಾವಲಸಾಬ ಏನೂ ಅನಲಿಲ್ಲ.
ಚಾದ ಬಸಿ ಕೆಳಗಿಟ್ಟು, ಮೂತಿಗೆ ಕಿರಿಬೆರಳು ಹಚ್ಚಿ ನೋಡಿ
ಹತ್ತರದ್ದ ತಾ, ಕೊರದ ಕೊಡ್ತೀನಿ, ಅಂದ.
ಕಬ್ಬಿಣದ ಸುರುಳಿ ಬಿಸಿಬಿಸಿ ಉದುರೂ ಮುಂದ ಕೇಳಿದ:
ಏನ ಉಜ್ಜತಿ ಇದರಿಂದ?
ತೊಟ್ಟಿಲ.
ಹಂಗಾರ ನಲವತ್ತ ಕೊಡು.

ರಾತ್ರಿ ಶೆಡ್ಡಿನಾಗ ಸಾಗವಾನಿ ಹಿಟ್ಟು
ಹುಬ್ಬಿನ ಮ್ಯಾಲೆ, ಬಲ್ಬಿನ ಮ್ಯಾಲೆ.
ನೂರಾ ಇಪ್ಪತ್ತರ ಹಾಳಿ, ಆಮ್ಯಾಲೆ ಎರಡ್ನೂರಾ ನಲವತ್ತರದ್ದು.
ಕಂಬದ ಕುತ್ತಿಗಿ, ಗಿಣಿಯ ರೆಕ್ಕಿ ಸಂದಿ,
ಅಲ್ಲಿಗೆ ಯಾವ ಪ್ಯಾಡೂ ಹೋಗಂಗಿಲ್ಲ;
ಹಾಳಿ ಹರದು ಹೆಬ್ಬೆಟ್ಟಿಗೆ ಸುತ್ತಿದೆ.

ಹಲ್ಲು ಬರೂ ಕೂಸು ಮೊದಲ ಕಡಿಯೂದು
ತೊಟ್ಟಿಲ ಅಂಚು.
ಓಣಿ ಮಲಗಿತ್ತು.
ಬಗ್ಗಿ ನಾನ ಒಮ್ಮೆ ಕಚ್ಚಿ ನೋಡಿದೆ.

ಒಗರು. ಸಿಬರಿಲ್ಲ.