ನಾಲ್ಕನೆಯ ಪುಟ

ಇಪ್ಪತ್ತಾರು ವರ್ಷ ಈ ಗೂಡಿನಲ್ಲಿ ಕೂತಿದ್ದೇನೆ.
ವೇದಿಕೆಯ ಅಂಚಿಗೆ ಕೊರೆದ ಚೌಕದ ತೂತು,
ಮೇಲೊಂದು ತಗಡಿನ ಕೊಡೆ, ಒಳಗೆ
ಮಿಣುಕು ಬಲ್ಬು, ನಾಟಕದ ಪ್ರತಿ, ನನ್ನ ಮಂಡಿನೋವು.
ಪ್ರೇಕ್ಷಕರ ಪಾಲಿಗೆ ನಾನು ಇಲ್ಲವೇ ಇಲ್ಲ,
ನಟರಿಗೆ ನಾನಿಲ್ಲದೆ ಗತಿಯಿಲ್ಲ.
ರಾಜರು ಹೇಗಿರುತ್ತಾರೆಂದು ಪ್ರಾಂಪ್ಟರನ್ನು ಕೇಳಬೇಡಿ.
ಅವರ ಬೂಟು ಕೇಳಿ, ಹೇಳುತ್ತೇನೆ:
ಹಿಮ್ಮಡಿ ಸವೆದಿತ್ತು, ಅಳತೆ ದೊಡ್ಡದಾಗಿ
ಒಳಗೆ ಹಳೆ ಪೇಪರು ತುರುಕಿತ್ತು.

ಎಪ್ಪತ್ತೆರಡರ ನವೆಂಬರಿನಲ್ಲಿ ಲುಬ್ಲಿನ್ನಿಗೆ ಟೀಮೊನ್ ಬಂದ.
ಕುರಿಚರ್ಮದ ಕೋಟು; ಬಾಗಿಲಲ್ಲೇ ಶೂ ಕಳಚಿದ.
ಮೊದಲ ದಿನ ಪರದೆ ತೆಗೆಸಿದ,
ಕೋಟು ಕಾಯುವ ಗೆನೋವೆಫಾಳಿಗೆ ಅದರಲ್ಲಿ ಮೂರು ಲಂಗವಾಯಿತು.
ಎರಡನೆಯ ದಿನ ಕುರ್ಚಿ.
ಮೂರನೆಯ ದಿನ ಬಣ್ಣ, ವಿಗ್ಗು, ಮೀಸೆ.
ಒಂದು ವಾರ ಸುಮ್ಮನಿದ್ದ.
ಆಮೇಲೆ ಮಾತು ತೆಗೆದ.

ನೆಲದಲ್ಲಿ ಹೊರಳುತ್ತಿದ್ದರು, ಗೋಡೆಗೆ ಕಿವಿಯಿಟ್ಟು
ಗಂಟೆಗಟ್ಟಲೆ ಉಸಿರೆಣಿಸುತ್ತಿದ್ದರು.
ಐವತ್ತು ದಾಟಿದ ಝೆನೋನ್ ಕೂಡ, ಸದಾ ಸೇನಾಪತಿಯಾಗುತ್ತಿದ್ದವನು,
ತೊಯ್ದ ನಾಯಿಯ ಹಾಗೆ ಮೈಕೊಡವಿದ.
ಮಾತು ಬೆಳ್ಳಿ, ಮೌನ ಬಂಗಾರ, ನಿಜ.
ನನ್ನ ಸಂಬಳ ಬೆಳ್ಳಿಯದು.
"ನಿಮ್ಮನ್ನು ತೆಗೆಯುವುದಿಲ್ಲ ಬೊಗುಮಿವಾ," ಅಂದ ಟೀಮೊನ್,
"ಏನು ಮಾಡುತ್ತೀರೋ, ಅದೊಂದು ಗೊತ್ತಿಲ್ಲ."

ಸೆನ್ಸಾರ್ ಕಚೇರಿಗೆ ಪ್ರತಿ ಕೊಡಲೇಬೇಕಲ್ಲ.
ಹನ್ನೊಂದು ಬಿಳಿ ಹಾಳೆ ಜೋಡಿಸಿ ನಾನೇ ಒಯ್ದೆ.
ಅಧಿಕಾರಿ ಮಗುಚಿ ಮಗುಚಿ ನೋಡಿದ.
"ಏನಿದೆ ಇದರಲ್ಲಿ?"
"ಏನೂ ಇಲ್ಲ."
"ಏನೂ ಇಲ್ಲ ಅಂದರೆ, ಯಾವುದರ ಬಗ್ಗೆ ಏನೂ ಇಲ್ಲ?"
ಕಿಟಕಿಯ ಬೆಳಕಿಗೆ ಹಿಡಿದ, ಮೂಸಿದ, ಯಾರಿಗೋ ಫೋನು ಮಾಡಿದ.
ಒಂಬತ್ತು ದಿನ ಇಟ್ಟುಕೊಂಡು ವಾಪಸು ಕೊಟ್ಟ:
ಪುಟಪುಟಕ್ಕೂ ನೀಲಿ ಮುದ್ರೆ,
ನಾಲ್ಕನೆಯದಕ್ಕೆ ಮಾತ್ರ ಕೆಂಪು ಗೆರೆ, ಮೂಲೆಯಿಂದ ಮೂಲೆಗೆ.

ಟೀಮೊನ್ ಬಿದ್ದುಬಿದ್ದು ನಕ್ಕ.
ಹಾಲ್ಶ್ಕಾ ನಗಲಿಲ್ಲ.
"ಅದರಲ್ಲಿ ನನ್ನಣ್ಣ ಇದ್ದ," ಅಂದಳು,
"ಅವನಿಗೆ ಹೇಗೆ ಗೊತ್ತಾಯಿತು?"

ಮೊದಲ ಪ್ರದರ್ಶನ. ನೆಲದ ಮೇಲೆ ನಲವತ್ತು ಜನ,
ಒದ್ದೆ ಉಣ್ಣೆಯ ವಾಸನೆ.
ನಾನು ರೂಢಿಯಂತೆ ಗೂಡಿನಲ್ಲಿ, ಮಡಿಲಲ್ಲಿ ಹನ್ನೊಂದು ಹಾಳೆ,
ಒಂದೊಂದೇ ತಿರುವುತ್ತ. ಕೆಲಸ ಅಂದರೆ ಕೆಲಸ.
ಮೊದಲ ಬಾರಿಗೆ ಪಾದ ಕಂಡೆ:
ಝೆನೋನನ ಎಡಗಾಲಿಗೆ ಕಿರುಬೆರಳಿಲ್ಲ,
ಯಾವ ಯಾವ ಸೇನಾಪತಿಯ ಬೂಟಿನೊಳಗೆ
ಇಷ್ಟು ವರ್ಷ ಅಡಗಿಸಿಟ್ಟಿದ್ದನೋ.

ಆಮೇಲೆ ಹಾಲ್ಶ್ಕಾಳ ಕಾಲು ನಿಂತಿತು.
ನಿಲ್ಲಬೇಕಾದ ಜಾಗವಲ್ಲ ಅದು.
ಮೌನಗಳಲ್ಲಿ ಮರೆತವರ ಮೌನ ಬೇರೆ,
ಪಳಗಿದ ಕಿವಿಗೆ ಗೊತ್ತಾಗುತ್ತದೆ.
ಅವಳು ಗೂಡಿನ ಕಡೆ ನೋಡಿದಳು.

ಏನು ಹೇಳಿಕೊಡಲಿ?
ಕೆಂಪು ಗೆರೆಯ ಹಾಳೆ ಎತ್ತಿದೆ; ಅದೇ ಸರಕ್ಕೆಂದಿತು.
ಮಾತಿಗೆ ಮುಂಚೆ ಎಳೆದುಕೊಳ್ಳುವ ಉಸಿರೊಂದಿದೆಯಲ್ಲ,
ಮರೆತ ನಟ ಪದಕ್ಕಿಂತ ಮೊದಲು
ನನ್ನಿಂದ ಕದಿಯುತ್ತಿದ್ದದ್ದು ಅದನ್ನೇ,
ಅದನ್ನು ಎಳೆದುಕೊಂಡೆ. ಬಿಡಲಿಲ್ಲ.

ಅವಳು ಬಿಟ್ಟಳು.
ಕೂಗಲ್ಲ, ಅಳುವಲ್ಲ. ಅದಕ್ಕೆ ನನ್ನ ಬಳಿ ಹೆಸರಿಲ್ಲ,
ಯಾವ ಪ್ರತಿಯಲ್ಲೂ ಓದಿದವಳಲ್ಲ.
ಮುಂದೆ ಕೂತ ಹುಡುಗನೊಬ್ಬ ಟೋಪಿ ತೆಗೆದ.

ಎಲ್ಲರೂ ಹೋದ ಮೇಲೆ ಟೀಮೊನ್
ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ.
"ಅದನ್ನು ಇಟ್ಟುಕೊಳ್ಳೋಣ. ದಿನಾ ಮಾಡಿ."
ಆಗೋದಿಲ್ಲ ಅಂದೆ.
ಯಾರಾದರೂ ಮರೆತರೆ ಮಾತ್ರ ನನ್ನ ಕೆಲಸ.

ಶಾಲು ಹೊದ್ದು, ಬಲ್ಬು ಆರಿಸುವ ಮೊದಲು
ಹಾಳೆಗಳನ್ನು ಎಣಿಸಿದೆ. ಹತ್ತಿದ್ದವು.
ಹುಡುಕಲಿಲ್ಲ.