ಸರಣಿ ಬೇರೆ

ಕುಂಬಳೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಇಪ್ಪತ್ತು ವರ್ಷ
ಲಾಟರಿ ಮಾರಿದೆ.
ಹೊಡೆದ ನಂಬ್ರ ಒಂದೂ ನನ್ನದಲ್ಲ.
ಈಗ ಮಂಗಳೂರಿನ ಚೀಟಿಯಲ್ಲಿ
ಬಿಳಿಕಣ: ಒಂದು ಲಕ್ಷ ಎಂಬತ್ತು ಸಾವಿರ.

"ಎಲ್ಲಿ ನೋವು?" ಜಲಜಾಕ್ಷಿ ಕೇಳುತ್ತಾಳೆ.
ತೋರಿಸಲು ಗಂಟಿಲ್ಲ, ಗಾಯವಿಲ್ಲ,
ಹಲ್ಲುಜ್ಜಿದರೆ ಬೇಸಿನ್ ಕೆಂಪು, ಅಷ್ಟೆ.
ನೆತ್ತರು ಬಿದ್ದಾಗ ಮಾತ್ರ ಕಾಣುವುದು ಅಂದುಕೊಂಡಿದ್ದೆ;
ಅದು ಒಳಗೆ ಕೂತು ನನ್ನನ್ನೇ ಎಣಿಸುತ್ತಿದೆ,
ಸಂಜೆ ಉಳಿದ ಟಿಕೆಟಿನ ಹಾಗೆ.

ತಲಪಾಡಿ ಗೇಟಿನಲ್ಲಿ ಬಸ್ಸು ನಿಂತರೆ
ಪೊಲೀಸ್ ಚೀಲ ತಡವುತ್ತಾನೆ.
ಚೀಲದಲ್ಲೇನಿದೆ, ಪಾಪ.

ಜಾಗದ ಕೇಸಿನಿಂದ ಒಂಬತ್ತು ವರ್ಷ
ಮಾತು ಬಿಟ್ಟಿದ್ದ ಮೋನಪ್ಪಣ್ಣ
ಅಂಗಿಯ ತೋಳು ಮಡಚಿ ಬಂದ.
ಹೊಂದಿತಂತೆ.
ಸರಣಿ ಬೇರೆ, ನಂಬ್ರ ಅದೇ:
ನಮ್ಮ ದಂಧೆಯಲ್ಲಿ ಇದಕ್ಕೆ
ಸಮಾಧಾನ ಬಹುಮಾನ ಅನ್ನುವುದು.

ಡ್ರಾ ಇನ್ನೂ ಆಗಿಲ್ಲ.
ಕ್ಯಾಂಟೀನಿನಿಂದ ಚಾ ತಂದ.
ನನ್ನದಕ್ಕೆ ಸಕ್ಕರೆ ಹಾಕಿರಲಿಲ್ಲ.
ನಾನು ಹೇಳಿರಲೂ ಇಲ್ಲ.