ಬ್ಯಾರೆ ಬಟ್ಟಲ, ಎಂಟಾಣೆ

ನಿಧಿ ಬಂದೈತಿ.
ಕಡಲಾಚೆ ಸಭೆ ಕೊಟ್ಟಿದ್ದು, ಡಯಾಸಿಸ್ ಕೈ ದಾಟಿ
ಬೆಟಗೇರಿಗೆ ಬರೂದ್ರಾಗ ಹನ್ನೊಂದು ಪುಟ ಆಗೈತಿ.
ಯಾರನ್ನ ಇಷ್ಟು ದಿನಾ ಹೊರಗಿಟ್ಟೀರಿ
ಅವರ ಮಕ್ಕಳಿಗೆ ದೈವಶಾಸ್ತ್ರ ಓದಸ್ರಿ,
ಪೀಠಕ್ಕ ಹತ್ತಸ್ರಿ:
ಇದು ಒಂದು ಪುಟದ ಮಾತು.
ಉಳಿದ ಹತ್ತು, ಯಾವ ರಶೀದಿ ಎಲ್ಲಿ ಹಚ್ಚಬೇಕಂತ.

ನಾ ಖಜಾಂಚಿ, ಸತ್ಯರಾಜ. ನೇಕಾರರ ಪೈಕಿ.
ನಮ್ಮಪ್ಪ ಖಜಾಂಚಿ, ನಮ್ಮಜ್ಜನೂ.
ದೇವಾಲಯದ ಬೀರುವಿನ ಕೀಲಿ ನಮ್ಮ ಮನಿ ಮಳಿಗೆ
ಎಂಬತ್ತು ವರ್ಷದಿಂದ ತೂಗ್ಯಾಡತೈತಿ.
ಇದಕ್ಕ ಯಾರೂ ಮೀಸಲಾತಿ ಅನ್ನೂದಿಲ್ಲ.

ಅರ್ಜಿ ಬಂದದ್ದು ಒಂದ.
ಕೆಜಿಯಾ ಫಕೀರಪ್ಪ ಮಾದರ, ಬಿ.ಎ.,
ರೈಲ್ವೆ ಗೇಟಿನ ಆಚೆ ಓಣಿ,
ಗಂಟಿ ಬಾರಸೂ ಫಕೀರಪ್ಪನ ನಡುವಿನ ಮಗಳು.
ಅದರಾಗ ಒಂಬತ್ತನೇ ಕಲಂ ಹಿಂಗೈತಿ:
'ನಿಮ್ಮ ಸಭೆಯಲ್ಲಿ ನೀವು ಅನುಭವಿಸಿದ ತಾರತಮ್ಯವನ್ನು
ಇನ್ನೂರು ಶಬ್ದ ಮೀರದಂತೆ ವಿವರಿಸಿ.
ಸಾಧ್ಯವಾದರೆ ಪುರಾವೆ ಲಗತ್ತಿಸಿ.'

ಶನಿವಾರ ಸಂಜಿಮುಂದ ಕಮಿಟಿ ಕೂತ್ತು.
ಗಿರ್ಮಿಟ್ ಬಂತು, ಚಹಾ ಬಂತು.
'ಯೇಸುವಿನೊಳಗ ಎಲ್ಲಾರೂ ಒಂದ,' ಅಂದ್ರು ಹಿರೇರು ಜೀವರತ್ನಪ್ಪ,
'ಇಲ್ಲದ್ದನ್ನ ಈಗ್ಯಾಕ ಹುಟ್ಟಸ್ತೀರಿ?'
'ರೊಕ್ಕ ಇರಲಿ, ಒಂಬತ್ತನೇ ಕಲಂ ಖಾಲಿ ಬಿಡಸ್ರಿ,'
ಅಂದ್ರು ಇನ್ನೊಬ್ರು, ಉಳ್ಳಾಗಡ್ಡಿ ಆರಿಸಿ ಬದಿಗಿಡತಾ.
ಸಭಾಪಾಲಕರು ಬಿಸ್ಕೀಟು ಚಹಾದಾಗ ಅದ್ದಿ
ಅದು ಮುರದು ಬೀಳೂತನಕ ಹಿಡಕೊಂಡ ಕೂತ್ರು.
ನಾನೂ ಏನೂ ಅನ್ಲಿಲ್ಲ.
ಅದೂ ಲೆಕ್ಕಕ್ಕ ಹತ್ತಲಿ.

'ಪುರಾವೆ ಇಲ್ಲ' ಅಂತ ಬರಿಯಾಕ
ಹಳೇ ಕಿರ್ದಿ ತಗದ್ನಿ. ಇಲ್ಲ ಅನ್ನಾಕೂ ನೋಡಬೇಕಲ್ಲ.
ನುಸಿಗುಳಿಗಿ ವಾಸನಿ. ಅಜ್ಜನ ಅಕ್ಷರ,
ನೂಲಿನ ಎಳಿ ಎಣಿಸಿದಂಗ ಬಿಡಿಬಿಡಿ.
ಮೇಣಬತ್ತಿ, ಆರಾಣೆ.
ಹಾರ್ಮೋನಿಯಂ ತಿದಿ ರಿಪೇರಿ, ಎರಡು ರೂಪಾಯಿ.
ಆಚೆ ಓಣಿಯವರಿಗೆ ಬ್ಯಾರೆ ಬಟ್ಟಲ, ಎಂಟಾಣೆ.

ಕರ್ತನ ಭೋಜನದ ಬಟ್ಟಲ.
ಅಜ್ಜ ಯಾವತ್ತೂ ಸುಳ್ಳು ಬರದಾಂವ ಅಲ್ಲ.
ಪುಟದ ಕೆಳಗ ಮೊತ್ತ ಸರಿಯಾಗೇ ಕೂಡೈತಿ.
ಬೀರುವಿನ ತಳದ ಹಲಗಿ ಮ್ಯಾಲ
ಹಿತ್ತಾಳಿ ಬಟ್ಟಲ ಒಂದೈತಿ.
ನಾ ಅದರಾಗ ಇಪ್ಪತ್ತು ವರ್ಷ
ಗುಂಡುಪಿನ್ನು ಹಾಕೇನಿ.

ಕೆಜಿಯಾ ಬಂದ್ಲು, ಫೋಟೋ ಹಚ್ಚಾಕ.
ಕಿರ್ದಿ ತೋರಿಸಿದ್ನಿ. ಯಾಕ ತೋರಿಸಿದ್ನೋ,
ಕ್ಷಮಾ ಕೇಳಾಕೋ, ಬರೇ ಭಾರ ಇಳಸಾಕೋ.
ಆಕಿ ಓದಿ ಸಣ್ಣಗೆ ನಕ್ಕಳು.
'ನಮ್ಮಾಯಿ ಹೇಳತಿದ್ಲ್ರೀ,
ನಮ್ಮ ಬಟ್ಟಲದಾಗ ಮಂದಿ ಕಡಿಮಿ,
ಅದಕ್ಕ ನಮಗ ಗುಟುಕು ದೊಡ್ಡದು ಸಿಗತಿತ್ತಂತ.'

ಮತ್ತ ತನ್ನ ಅರ್ಜಿ ಮುಂದಿಟ್ಲು.
ಒಂಬತ್ತನೇ ಕಲಮಿನಾಗ ಆಯಿ ಇರಲಿಲ್ಲ, ಬಟ್ಟಲ ಇರಲಿಲ್ಲ.
ನೀಲಿ ಶಾಯ್ಯಾಗ ಹತ್ತ ಶಬ್ದ:
'ನಾನು ಪಾಠ ಓದಿ ಇಳಿದ ಮೇಲೆ ಮೈಕು ಒರೆಸುತ್ತಾರೆ.
ಬೇರೆಯವರು ಓದಿದಾಗ ಒರೆಸುವುದಿಲ್ಲ.'
ಯಾರು ಒರಸ್ತಾರ ಅಂತ ಬರದಿರಲಿಲ್ಲ.
ಮೊದಲನೇ ಬೆಂಚು. ಅಂಚಿಗೆ ಕಸೂತಿ ಹಾಕಿದ ಅರಿವಿ.
ಅದನ್ನ ನಾ ಪ್ರತಿ ಸೋಮವಾರ
ನಮ್ಮ ಹಿತ್ತಲದಾಗ ಒಣಗಿದ್ದು ನೋಡೇನಿ.

'ಇನ್ನೂರರ ತನಕ ಜಾಗಾ ಐತಿ,' ಅಂದ್ನಿ.
'ಉಳಿದದ್ದು ನೀವು ಬರೀರಿ ಕಾಕಾ,' ಅಂದ್ಲು,
ಸೈಕಲ್ ಹತ್ತಿ ಗೇಟು ಬೀಳೂದ್ರಾಗ ಹೋಗಿಬಿಟ್ಲು.

ಪುಟಾ ತಿರುವಿ ಹಾಕಿ ಬಾಳ ಹೊತ್ತು ಕೂತ್ನಿ.
ಮನಿಗೆ ಹೋಗಿ ಆಕಿಗೆ ಏನನ್ನಬೇಕು
ಇನ್ನೂ ಗೊತ್ತಾಗಿಲ್ಲ.

ಬಟ್ಟಲದಾಗಿನ ಪಿನ್ನು ಒಂದ ತಗೊಂಡು
ಹಚ್ಚೂದನ್ನ ಹಚ್ಚಿ, ಸಹಿ ಮಾಡಿ,
ಈ ತಿಂಗಳ ಕಿರ್ದ್ಯಾಗ ಬರದ್ನಿ:
ಝೆರಾಕ್ಸ್, ಒಂದು ಪುಟ, ಎರಡು ರೂಪಾಯಿ.
ಯಾವ ಪುಟ ಅಂತ
ಆಡಿಟರ್ ಕೇಳಲಿ.